ಓವರ್‌ಕ್ಲಾಕ್ ಮಾಡ್ಬೇಕಾ, ಪ್ರೊಸೆಸರ್ ಬದಲಿಸ್ಬೇಕಾ? ಹಳೇ ಪಿಸಿಗೆ ದುಡ್ಡು ಹಾಕೋ ಮುಂಚೆ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಒಂದು ಮನೆಯನ್ನ ಕಣ್ಮುಂದೆ ಇಟ್ಕೊಂಡು ಮಾತಾಡೋಣ. ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದಲ್ಲಿ ಒಂದು ಮನೆ ಅಂದ್ಕೊಳ್ಳಿ. ಹಾಲ್‌ನ ಮೂಲೇಲಿ 2019ರಲ್ಲಿ ಜೋಡಿಸಿದ ಕಂಪ್ಯೂಟರ್. ಒಳಗೆ ಎಎಂಡಿ ರೈಜನ್ 3 2200ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ, ಒಂದು ಹಾರ್ಡ್ ಡಿಸ್ಕ್. ಅಕ್ಕ ಅದರಲ್ಲೇ ಆನ್‌ಲೈನ್ ಕೋರ್ಸ್ ಮಾಡ್ತಾಳೆ. ತಮ್ಮ ಮದುವೆ ವಿಡಿಯೊ ಎಡಿಟ್ ಮಾಡಿ ನಾಲ್ಕು ಕಾಸು ಸಂಪಾದಿಸ್ತಾನೆ. ಪಿಸಿ ತುಂಬಾ ಸ್ಲೋ. ಕೈಯಲ್ಲಿ ಇರೋದು ಹತ್ತು ಸಾವಿರ ರೂಪಾಯಿ.

ತಮ್ಮ ಯೂಟ್ಯೂಬ್ ನೋಡಿದ. "ಓವರ್‌ಕ್ಲಾಕ್ ಮಾಡಿ, ಖರ್ಚಿಲ್ಲದೆ ಸ್ಪೀಡ್ ಪಡೀರಿ" ಅಂತ ಹತ್ತಾರು ವಿಡಿಯೊ. ಮಾಡ್ಲಾ ಬೇಡ್ವಾ?

ಈ ಪ್ರಶ್ನೆಗೆ ಬೆಂಗಳೂರಲ್ಲಿ ಕೂತವರ ಉತ್ತರ ಬೇರೆ, ಇಲ್ಲಿಯವರ ಉತ್ತರ ಬೇರೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನ 2023ರ ನವೆಂಬರ್‌ನಲ್ಲಿ ಬೆಂಗಳೂರಲ್ಲೇ ತೆರೀತು. ಬಿಡಿಭಾಗ ಬೇಕಂದ್ರೆ ಅಲ್ಲಿಯವರಿಗೆ ಎಸ್‌ಪಿ ರೋಡ್ ಇದೆ. ಹೊಸ ಅಗ್ರಹಾರದಲ್ಲಿ ಬೋರ್ಡ್ ಸುಟ್ಟರೆ ಮೈಸೂರಿಗೆ ಬಸ್ ಹತ್ತಬೇಕು, ಇಲ್ಲ ಕೊರಿಯರ್ ಕಾಯಬೇಕು. ಅಷ್ಟು ದಿನ ಅಕ್ಕನ ಕ್ಲಾಸೂ ಇಲ್ಲ, ತಮ್ಮನ ಸಂಪಾದನೇನೂ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲೂ ಇದೇ ಕತೆ.

ಮೊದಲು ಎಲ್ಲಿ ಕಟ್ಕೊಂಡಿದೆ ನೋಡಿ

ನಾಲೆ ತುಂಬ ನೀರಿದ್ರೂ ತೂಬು ಸಣ್ಣದಾದ್ರೆ ಗದ್ದೆಗೆ ನೀರು ಹತ್ತಲ್ಲ. ಕಂಪ್ಯೂಟರೂ ಹಾಗೇನೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ದಿನಾ ಮಾಡೋ ಕೆಲಸವನ್ನೇ ಮಾಡ್ತಾ ಅದನ್ನ ಗಮನಿಸಿ.

ಡಿಸ್ಕ್ ಅನ್ನೋ ಕಡೆ 100% ತೋರಿಸ್ತಾ, ಸಿಪಿಯು 30-40%ರಲ್ಲೇ ಇದ್ರೆ ತಪ್ಪು ಪ್ರೊಸೆಸರ್‌ದಲ್ಲ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100-150 ಎಂಬಿ ಓದಿದ್ರೆ, ಸಾಧಾರಣ ಸಾಟಾ ಎಸ್‌ಎಸ್‌ಡಿ 500 ಎಂಬಿ ಆಸುಪಾಸು ಓದುತ್ತೆ. ಸಣ್ಣ ಸಣ್ಣ ಫೈಲ್‌ಗಳಲ್ಲಂತೂ ವ್ಯತ್ಯಾಸ ಇನ್ನೂ ಜಾಸ್ತಿ. ವಿಂಡೋಸ್ ಶುರುವಾಗೋಕೆ ನಿಮಿಷಗಟ್ಟಲೆ ಕಾಯೋ ಮನೆಗೆ ಮೊದಲು ಬೇಕಿರೋದು ಎಸ್‌ಎಸ್‌ಡಿ.

ಮೆಮೊರಿ 90% ದಾಟಿದ್ರೆ ಇನ್ನೊಂದು ರ‍್ಯಾಮ್ ಕಡ್ಡಿ ಹಾಕಿ. 2200ಜಿಯಂಥ ಪ್ರೊಸೆಸರ್‌ಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲ್ಲ, ಚಿತ್ರ ಮೂಡಿಸೋಕೂ ಅದೇ ರ‍್ಯಾಮ್ ಬಳಸುತ್ತೆ. ಒಂದು ಕಡ್ಡಿಯ ಬದಲು ಎರಡಿದ್ರೆ ಡ್ಯುಯಲ್ ಚಾನೆಲ್ ಆಗಿ ದಾರಿ ಅಗಲ ಆಗುತ್ತೆ. ಗೇಮ್‌ನಲ್ಲಿ ಇದು ಕಣ್ಣಿಗೇ ಕಾಣುತ್ತೆ.

ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ ಸಿಪಿಯು 100%ಕ್ಕೆ ಹೋಗಿ ಅಲ್ಲೇ ನಿಂತಿದ್ರೆ ಮಾತ್ರ ಪ್ರೊಸೆಸರ್ ವಿಷಯಕ್ಕೆ ಬನ್ನಿ.

ಯಾವ ಪ್ರೊಸೆಸರ್ ಅಂತ ಹೇಳೋದು ಮದರ್‌ಬೋರ್ಡ್

ಪ್ರೊಸೆಸರ್ ಕೂರೋ ಜಾಗಕ್ಕೆ ಸಾಕೆಟ್ ಅಂತಾರೆ. ಬಿ450 ಬೋರ್ಡ್‌ನಲ್ಲಿ ಇರೋದು ಎಎಂ4 ಸಾಕೆಟ್. ಇದು ಬಡವರ ಪಾಲಿನ ಒಳ್ಳೇ ಸಾಕೆಟ್: 2017ರ ಮೊದಲ ರೈಜನ್‌ನಿಂದ 5000 ಸರಣಿಯವರೆಗೆ ಅದೇ ನಡ್ಕೊಂಡು ಬಂತು. ಅಂದ್ರೆ ಬೋರ್ಡ್ ಉಳಿಸ್ಕೊಂಡು ಪ್ರೊಸೆಸರ್ ಮಾತ್ರ ಬದಲಿಸಬಹುದು.

ಇಂಟೆಲ್‌ನಲ್ಲಿ ಹುಷಾರು. 6-7ನೇ ತಲೆಮಾರು, 8-9ನೇ ತಲೆಮಾರು ಎರಡಕ್ಕೂ ಸಾಕೆಟ್ ಹೆಸರು 1151 ಅಂತಲೇ. ಆದ್ರೆ ಹಳೇ ಬೋರ್ಡ್‌ಗೆ 8ನೇ ತಲೆಮಾರಿನ ಪ್ರೊಸೆಸರ್ ಹಾಕಿದ್ರೆ ಕೆಲಸ ಮಾಡಲ್ಲ. ಹೆಸರು ನೋಡಿ ಸೆಕೆಂಡ್ ಹ್ಯಾಂಡ್ ತಗೊಂಡು ಮೋಸ ಹೋಗ್ಬೇಡಿ. ಬೋರ್ಡ್ ಕಂಪನಿಯ ಸೈಟ್‌ನಲ್ಲಿ ನಿಮ್ಮ ಮಾಡೆಲ್‌ಗೆ ಹೊಂದೋ ಪ್ರೊಸೆಸರ್‌ಗಳ ಪಟ್ಟಿ ಇರುತ್ತೆ. ಅದರಲ್ಲಿ ಹೆಸರಿಲ್ಲ ಅಂದ್ರೆ ದುಡ್ಡು ಕೊಡ್ಬೇಡಿ.

ನಮ್ಮ ಉದಾಹರಣೆಯ ಮನೆಗೆ ರೈಜನ್ 5 5600ಜಿ ಹೊಂದುತ್ತೆ. 2200ಜಿಯಲ್ಲಿ 4 ಕೋರ್, 4 ಥ್ರೆಡ್. ಇದರಲ್ಲಿ 6 ಕೋರ್, 12 ಥ್ರೆಡ್. ಎರಡೂ 65 ವ್ಯಾಟ್‌ನವೇ. ಆದ್ರೆ ಆ 'ಜಿ' ಅಕ್ಷರ ಮರೀಬೇಡಿ. ಬರೀ 5600 ತಂದ್ರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಗೆ ಹಾಕಿದ್ರೆ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು.

ಇನ್ನೊಂದು ಕಾರಣ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ರ ಪ್ರೊಸೆಸರ್ ಪಟ್ಟಿಯಲ್ಲಿ 2200ಜಿ ಇಲ್ಲ, 5600ಜಿ ಇದೆ. ಎಷ್ಟೇ ಓವರ್‌ಕ್ಲಾಕ್ ಮಾಡಿದ್ರೂ 2200ಜಿ ಆ ಪಟ್ಟಿಗೆ ಸೇರಲ್ಲ.

ಪ್ರೊಸೆಸರ್ ಬದಲಿಸುವಾಗ ಎರಡು ಜಾಗದಲ್ಲಿ ಜನ ಎಡವುತ್ತಾರೆ. ಒಂದು, ಬಯಾಸ್ ಅಪ್‌ಡೇಟ್. ಹಳೇ ಪ್ರೊಸೆಸರ್ ಇನ್ನೂ ಬೋರ್ಡ್‌ನಲ್ಲಿ ಇರುವಾಗಲೇ ಇದನ್ನ ಮಾಡ್ಬೇಕು. ಮಧ್ಯದಲ್ಲಿ ಕರೆಂಟ್ ಹೋದ್ರೆ ಬೋರ್ಡ್ ಏಳದೇ ಹೋಗಬಹುದು. ಯುಪಿಎಸ್ ಇಲ್ಲ ಅಂದ್ರೆ ಆ ಒಂದು ಗಂಟೆಗೆ ಯಾರದಾದ್ರೂ ಕೇಳಿ ತನ್ನಿ. ಎರಡು, ಎಎಂ4ನಲ್ಲಿ ಪಿನ್‌ಗಳಿರೋದು ಪ್ರೊಸೆಸರ್ ಅಡಿಯಲ್ಲಿ. ಹಳೇ ಥರ್ಮಲ್ ಪೇಸ್ಟ್ ಗಟ್ಟಿಯಾಗಿ, ಕೂಲರ್ ಎಳೆದ್ರೆ ಪ್ರೊಸೆಸರೂ ಜೊತೆಗೇ ಕಿತ್ಕೊಂಡು ಬಂದು ಪಿನ್ ಬಗ್ಗುತ್ತೆ. ಮೊದಲು ಹತ್ತು ನಿಮಿಷ ಪಿಸಿ ಓಡಿಸಿ ಬಿಸಿ ಮಾಡಿ. ಆಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಕೂಲರ್‌ನ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಬಿಡಿಸಿ.

ಓವರ್‌ಕ್ಲಾಕ್: ಎಷ್ಟು ಸಿಗುತ್ತೆ, ಎಷ್ಟು ಹೋಗುತ್ತೆ

ಪ್ರೊಸೆಸರ್ ಒಂದು ತಾಳಕ್ಕೆ ಕೆಲಸ ಮಾಡುತ್ತೆ. 3.7 ಗಿಗಾಹರ್ಟ್ಸ್ ಅಂದ್ರೆ ಸೆಕೆಂಡಿಗೆ 370 ಕೋಟಿ ತಾಳ. ಕಂಪನಿ ಹೇಳಿದ್ದಕ್ಕಿಂತ ವೇಗವಾಗಿ ತಾಳ ಹಾಕ್ಸೋದೇ ಓವರ್‌ಕ್ಲಾಕ್. ಇದಕ್ಕೊಂದು ಸುವರ್ಣ ಕಾಲ ಇತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಅನ್ನೋ ಅಗ್ಗದ ಚಿಪ್‌ನ 300ರಿಂದ 450 ಮೆಗಾಹರ್ಟ್ಸ್‌ಗೆ ಏರಿಸಿ ಜನ ದುಬಾರಿ ಪೆಂಟಿಯಂ ಮಟ್ಟದ ಕೆಲಸ ತೆಗೀತಿದ್ರು. ಈಗ ಆ ಉಳಿಕೆಯನ್ನ ಕಂಪನಿಗಳೇ 'ಬೂಸ್ಟ್' ಅಂತ ಮೊದಲೇ ಬಳಸ್ಕೊಂಡಿರ್ತಾವೆ.

2200ಜಿಯ ಬೂಸ್ಟ್ 3.7. ಕಷ್ಟಪಟ್ಟು 3.9ಕ್ಕೆ ಏರಿಸಿದ್ರೂ ಸಿಗೋದು ಸುಮಾರು 5%. ಹತ್ತು ನಿಮಿಷದ ಎಕ್ಸ್‌ಪೋರ್ಟ್‌ನಲ್ಲಿ ಅರ್ಧ ನಿಮಿಷ ಉಳೀಬಹುದು.

ಬೆಲೆ ಏನು? ವಿದ್ಯುತ್ ಬಳಕೆ ವೇಗದ ಜೊತೆ ನೇರವಾಗಿ ಏರುತ್ತೆ, ವೋಲ್ಟೇಜ್ ಜೊತೆ ಅದರ ವರ್ಗದಷ್ಟು ಏರುತ್ತೆ. ವೇಗ 10%, ವೋಲ್ಟೇಜ್ 10% ಏರಿಸಿದ್ರೆ 1.1 × 1.1 × 1.1, ಅಂದ್ರೆ ಸುಮಾರು 33% ಜಾಸ್ತಿ ವಿದ್ಯುತ್, ಅಷ್ಟೇ ಜಾಸ್ತಿ ಶಾಖ. ಆ ಹೊರೆ ಬೀಳೋದು ಪ್ರೊಸೆಸರ್‌ಗೆ ವಿದ್ಯುತ್ ಹದ ಮಾಡಿ ಕೊಡೋ ವಿಆರ್‌ಎಂ ಭಾಗದ ಮೇಲೆ. ಅಗ್ಗದ ಬೋರ್ಡ್‌ಗಳಲ್ಲಿ ಅದರ ಮೇಲೆ ಹೀಟ್‌ಸಿಂಕ್ ಕೂಡ ಇರಲ್ಲ.

ಏಪ್ರಿಲ್‌ನಲ್ಲಿ ಶೀಟ್ ಮನೆ ಒಳಗೆ 36 ಡಿಗ್ರಿ ಅಂದ್ಕೊಳ್ಳಿ. ವಿಡಿಯೊ ಮಾಡಿದವನ ಎಸಿ ರೂಮಲ್ಲಿ 22. ಫ್ಯಾನ್ ಕೂಲರ್ ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲ್ಲ, ಆದ್ರಿಂದ ನಿಮ್ಮ ಆಟ ಶುರುವಾಗೋದೇ 14 ಡಿಗ್ರಿ ಹಿಂದಿನಿಂದ. ಅದರ ಮೇಲೆ ಧೂಳು, ಪಂಪ್‌ಸೆಟ್ ಓಡುವಾಗ ಕುಗ್ಗೋ ವೋಲ್ಟೇಜ್. ವೋಲ್ಟೇಜ್ ಸರಿಯಿಲ್ಲದೆ ಮೋಟಾರ್ ಸುಟ್ಟು ರೀವೈಂಡಿಂಗ್‌ಗೆ ಕೊಟ್ಟವರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಹೆಸರಿಲ್ಲದ ಎಸ್‌ಎಂಪಿಎಸ್ ಇದ್ರೆ ಓವರ್‌ಕ್ಲಾಕ್ ಯೋಚನೆಯನ್ನೇ ಬಿಡಿ.

ಜಾಸ್ತಿ ವೋಲ್ಟೇಜ್ ಎಷ್ಟು ಅಪಾಯ ಅನ್ನೋಕೆ 2024 ಸಾಕ್ಷಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದುಬಾರಿ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಪದೇಪದೇ ಕ್ರ್ಯಾಶ್ ಆದವು. ಚಿಪ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳ್ತಿದ್ವು ಅಂತ ಗೊತ್ತಾಯ್ತು. ಬಯಾಸ್ ಅಪ್‌ಡೇಟ್ ಬಂತು, ವಾರಂಟಿ ಎರಡು ವರ್ಷ ಜಾಸ್ತಿ ಆಯ್ತು. ಆದ್ರೆ ಆಗಲೇ ಹಾಳಾದ ಚಿಪ್ ಅಪ್‌ಡೇಟ್‌ನಿಂದ ಸರಿ ಹೋಗಲಿಲ್ಲ. ಓವರ್‌ಕ್ಲಾಕ್‌ನಿಂದ ಆದ ಹಾನಿಗಂತೂ ಎಎಂಡಿ ವಾರಂಟಿಯೂ ಇಲ್ಲ.

ಆದ್ರೂ ಕೈ ಕೆರೀತಿದ್ಯಾ?

ತಪ್ಪಲ್ಲ, ಕಲಿಯೋಕೆ ಇದು ಒಳ್ಳೇ ದಾರಿ. ಬೋರ್ಡ್ ಬಿ450 ಇದ್ರೆ ಆಗುತ್ತೆ, ಎ320 ಇದ್ರೆ ಆಗಲ್ಲ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೇಲಿ 'ಕೆ' ಇರೋ ಪ್ರೊಸೆಸರ್, ಜೊತೆಗೆ ಝಡ್ ಸರಣಿ ಬೋರ್ಡ್ ಬೇಕು.

ಮೊದಲು ಫೋಟೊ, ವಿಡಿಯೊ, ದಾಖಲೆ ಎಲ್ಲ ಬೇರೆ ಕಡೆ ಕಾಪಿ ಮಾಡಿ. ಅಸ್ಥಿರ ಪ್ರೊಸೆಸರ್ ಫೈಲ್‌ಗಳನ್ನೂ ಕೆಡಿಸುತ್ತೆ. ವೋಲ್ಟೇಜ್ ಮುಟ್ಟದೆ ಒಂದು ಸಲಕ್ಕೆ 100 ಮೆಗಾಹರ್ಟ್ಸ್ ಮಾತ್ರ ಏರಿಸಿ. ಸಿನೆಬೆಂಚ್‌ನಂಥ ಪರೀಕ್ಷೆಯನ್ನ ಅರ್ಧ ಗಂಟೆ ಓಡಿಸಿ ತಾಪಮಾನ ನೋಡಿ. 80 ಡಿಗ್ರಿ ದಾಟಿದ್ರೆ, ಇಲ್ಲ ಪಿಸಿ ನಿಂತ್ರೆ, ಹಿಂದಿನ ಹಂತಕ್ಕೆ ಬನ್ನಿ. ಪರದೆ ಬರಲೇ ಇಲ್ಲ ಅಂದ್ರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿಯನ್ನ ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಸಾಮಾನ್ಯವಾಗಿ ಸೆಟ್ಟಿಂಗ್ ಹಳೇದಕ್ಕೆ ಬರುತ್ತೆ.

ಅದಕ್ಕೂ ಮುಂಚೆ ಬಯಾಸ್‌ನಲ್ಲಿ ರ‍್ಯಾಮ್ ವೇಗ ನೋಡಿ. 3200 ಅಂತ ಬರೆದಿರೋ ಕಡ್ಡಿ ಎಷ್ಟೋ ಮನೆಗಳಲ್ಲಿ 2133 ಅಥವಾ 2400ರಲ್ಲೇ ಓಡ್ತಿರುತ್ತೆ. 2200ಜಿಗೆ 2933ರವರೆಗೆ ಎಎಂಡಿಯ ಒಪ್ಪಿಗೆಯೇ ಇದೆ. ಒಂದು ಪೈಸೆ ಖರ್ಚಿಲ್ಲದೆ ಸಿಗೋ ವೇಗ ಅಂದ್ರೆ ಇದು.

ಸರಿ, ಆ ಹತ್ತು ಸಾವಿರಕ್ಕೆ ಏನು ಮಾಡೋಣ? ಮೊದಲು ಧೂಳು ತೆಗೆದು ಹೊಸ ಥರ್ಮಲ್ ಪೇಸ್ಟ್. ಆಮೇಲೆ ಎಸ್‌ಎಸ್‌ಡಿ. ಆಮೇಲೆ ಎರಡನೇ ರ‍್ಯಾಮ್ ಕಡ್ಡಿ. ಇಷ್ಟಕ್ಕೆ ದುಡ್ಡು ಮುಗಿದ್ರೆ ಅಲ್ಲಿಗೆ ನಿಲ್ಲಿಸಿ, ಅಕ್ಕನ ಕ್ಲಾಸ್‌ಗೆ ಅಷ್ಟೇ ಸಾಕು. ತಮ್ಮನ ಮುಂದಿನ ಮದುವೆ ಸೀಸನ್ ದುಡ್ಡು ಬಂದಾಗ ಪ್ರೊಸೆಸರ್ ಬದಲಿಸಿ, ಹಳೇದನ್ನ ಮಾರಿ. ಓವರ್‌ಕ್ಲಾಕ್ ಕಲೀಬೇಕು ಅಂದ್ರೆ, ಮನೆಗೆ ಇನ್ನೊಂದು ಕಂಪ್ಯೂಟರ್ ಬಂದ ಮೇಲೆ ಹಳೇದರ ಮೇಲೆ ಕಲೀಲಿ.

ನಿಮ್ಮ ಪಿಸಿಯ ಬೋರ್ಡ್ ಯಾವುದು ಅಂತ ಗೊತ್ತಿಲ್ವಾ? ಸಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ, ಮೇನ್‌ಬೋರ್ಡ್ ಅನ್ನೋ ಜಾಗ ನೋಡಿ. ದುಡ್ಡು ಹಾಕೋ ಮುಂಚೆ ಆ ಹೆಸರನ್ನ ಬರೆದಿಟ್ಕೊಳ್ಳಿ.