ವಯಸ್ಕರಿಗೆ ಅಕ್ಷರ ಕಲಿಸುವ ಬಗೆ

ಬಾಲಕರನ್ನು ತಂದೆತಾಯಿಗಳು ಶಾಲೆಗೆ ಕಳುಹುತ್ತಾರೆ. ವಯಸ್ಕರು ತಾವಾಗಿಯೇ ಬರುತ್ತಾರೆ. ಬಂದವರು ಒಮ್ಮೆ ನಾಚಿದರೆಂದರೆ ಮರುದಿನ ಬರುವುದಿಲ್ಲ. ವಯಸ್ಕರ ಶಿಕ್ಷಣದ ಮರ್ಮವೆಲ್ಲ ಇದರಲ್ಲಿಯೇ ಅಡಗಿದೆ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ನೂ ಆರಂಭವಾದವು. ಯೋಜನೆ ಯಾವುದೇ ಇರಲಿ, ಅದರ ಫಲವು ಹತ್ತು ಹನ್ನೆರಡು ಮಂದಿ ಕೂಡಿ ಕುಳಿತ ಜಗಲಿಯಲ್ಲಿ ನಿರ್ಣಯವಾಗುತ್ತದೆ.

ಕಲಿಯುವವರು ದುಂಡಾಗಿ ಕುಳಿತುಕೊಳ್ಳಲಿ. ಉಪಾಧ್ಯಾಯನು ಅವರ ನಡುವೆಯೇ ಕುಳಿತು, ಎಲ್ಲರನ್ನೂ ಬಹುವಚನದಿಂದ ಮಾತನಾಡಿಸಲಿ. ಪಾಠವು ವರ್ಣಮಾಲೆಯ ಕ್ರಮದಲ್ಲಿಯೇ ನಡೆಯಬೇಕೆಂಬ ನಿಯಮವಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಮೊದಲು ಕಲಿಸುವ ಪದ್ಧತಿ ಕನ್ನಡದಲ್ಲಿ ರೂಢಿಯಲ್ಲಿದೆ. ಬರೆಯಲು ಸುಲಭವಾದ ಇವುಗಳಿಂದಲೇ ದರ, ಸರ, ಅರಸ, ಅಗಸ ಮುಂತಾದ ಪದಗಳು ಓದಲು ದೊರೆಯುತ್ತವೆ. ಅಂಗಡಿಯ ಹಲಗೆಯ ಮೇಲಿನ ‘ದರ’ ಎಂಬುದನ್ನು ತಾನೇ ಓದಿಕೊಂಡವನಿಗೆ ವಿದ್ಯೆಯ ಪ್ರಯೋಜನವನ್ನು ಬೇರೆ ಬೋಧಿಸಬೇಕಾಗಿಲ್ಲ.

ತಪ್ಪನ್ನು ನಾಲ್ವರ ಮುಂದೆ ಎತ್ತಿ ಆಡಬಾರದು. ಪಕ್ಕದಲ್ಲಿ ಕುಳಿತು ಸರಿಯಾದ ರೂಪವನ್ನು ಬರೆದು ತೋರಿಸಿದರೆ ಸಾಕು. ಬಿತ್ತನೆ, ಸುಗ್ಗಿಗಳ ಕಾಲದಲ್ಲಿ ಪಾಠವು ಕಿರಿದಾಗಲಿ, ನಿಲ್ಲದಿರಲಿ. ಎರಡು ದಿನ ಬಾರದವರ ಮನೆಗೆ ಉಪಾಧ್ಯಾಯನೇ ಹೋಗಿ ಕುಶಲವನ್ನು ವಿಚಾರಿಸಬೇಕು.

ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಹೆಸರು ಬರೆಯಲು ಕಲಿತೊಡನೆ ಕೆಲಸ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಓದಲಾರದ ಸಾಲಪತ್ರಕ್ಕೆ ಹಾಕಿದ ಸಹಿಯೂ ಹೆಬ್ಬೆಟ್ಟಿಗಿಂತ ಮೇಲೇನಲ್ಲ. ಕಾಗದವನ್ನು ತಾನೇ ಓದಿ, ಒಪ್ಪಿ, ಅನಂತರ ಸಹಿ ಹಾಕುವ ದಿನವೇ ಕಲಿತವನಿಗೂ ಕಲಿಸಿದವನಿಗೂ ಸಾರ್ಥಕದ ದಿನ.