ಎರಡು ಅಳಿವೆಗಳ ನಡುವಣ ಗೋಕರ್ಣ

ಹುಬ್ಬಳ್ಳಿಯ ಕೇಶ್ವಾಪುರದಿಂದ ನಸುಕಿನಲ್ಲಿ ಹೊರಟು, ಕಲಘಟಗಿ, ಯಲ್ಲಾಪುರಗಳನ್ನು ದಾಟಿ, ಅರಬೈಲು ಘಟ್ಟವನ್ನಿಳಿದು, ಅಂಕೋಲೆಯ ಮಾರ್ಗವಾಗಿ ಗೋಕರ್ಣವನ್ನು ಸೇರುವ ಪ್ರವಾಸಿಗೆ ಆ ಸುಮಾರು 150 ಕಿಲೋಮೀಟರುಗಳ ಪಯಣವು ಪರಸೀಮೆಯ ಪಯಣವೆಂದು ತೋರಿದರೂ, ವಸ್ತುತಃ ಅವನು ತನ್ನೂರಿನ ನೀರಿನ ಬೆನ್ನು ಹತ್ತಿಯೇ ಹೋಗುತ್ತಿರುತ್ತಾನೆ. ಧಾರವಾಡದ ಸೋಮೇಶ್ವರನ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯೂ ಹುಬ್ಬಳ್ಳಿಯ ಕಡೆಯಿಂದ ಹರಿದುಬರುವ ಹಳ್ಳವೂ ಕೂಡಿ ಬೇಡ್ತಿಯೆನಿಸಿ, ಮಾಗೋಡಿನಲ್ಲಿ ಸುಮಾರು 200 ಮೀಟರು ಆಳಕ್ಕೆ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿಯೆಂಬ ಹೆಸರನ್ನು ತಳೆದು, ಗೋಕರ್ಣದ ಉತ್ತರಕ್ಕೆ ಸಮುದ್ರವನ್ನು ಸೇರುತ್ತವೆ. ದಕ್ಷಿಣದಲ್ಲಿ ತದಡಿಯ ಬಳಿ ಅಘನಾಶಿನಿಯ ಅಳಿವೆ. ಪಶ್ಚಿಮಕ್ಕೆ ಅರಬ್ಬೀ ಕಡಲು. ಹೀಗೆ ಮೂರು ದಿಕ್ಕುಗಳಲ್ಲಿ ನೀರನ್ನು ಹೊದ್ದ ಭೂಭಾಗವಿದು.

ಕೋಟಿತೀರ್ಥದ ಮೆಟ್ಟಿಲುಗಳನ್ನೂ ಮಹಾಬಲೇಶ್ವರನ ಸನ್ನಿಧಿಯನ್ನೂ ಕಂಡು ಮುಂದುವರಿಯುವುದು ವಾಡಿಕೆ. ರಾವಣನು ತಂದ ಆತ್ಮಲಿಂಗವನ್ನು ವಟುವೇಷದ ಗಣಪತಿಯು ಇಲ್ಲಿ ನೆಲಕ್ಕಿರಿಸಿದನೆಂಬ ಐತಿಹ್ಯವನ್ನು ನಾವೆಲ್ಲ ಬಾಲ್ಯದಲ್ಲಿಯೇ ಕೇಳಿದ್ದೇವೆ. ಗೋಕರ್ಣನಾಥನ ಸೇವೆಗಾಗಿ ನಾರದನು ಗಗನಮಾರ್ಗದಲ್ಲಿ ಬಂದುದನ್ನು ಕಾಳಿದಾಸನೂ ರಘುವಂಶದಲ್ಲಿ ವರ್ಣಿಸಿದ್ದಾನೆ.

ದಕ್ಷಿಣದ ಗುಡ್ಡವನ್ನೇರಿ ಜಂಬಿಟ್ಟಿಗೆಯ ಹಾಸಿನ ಮೇಲೆ ನಡೆದರೆ ಕುಡ್ಲೆಯ ಮರಳದಂಡೆಯೂ, ಅದರಾಚೆಗೆ ಎರಡು ಬಿಲ್ಲುಗಳನ್ನು ಜೋಡಿಸಿಟ್ಟಂತಿರುವ ಓಂ ಬೀಚೂ ಗೋಚರಿಸುತ್ತವೆ. ಈ ಆಕಾರದ ಮರ್ಮವು ಅಲೆಗಳ ನಡೆಯಲ್ಲಿದೆ. ದಡದ ಸಮೀಪದಲ್ಲಿ ಆಳ ಕಡಿಮೆಯಾದಂತೆ ಅಲೆಯು ವೇಗಗುಂದಿ ಬಾಗುವುದರಿಂದ, ಅದರ ಬಲವು ಕಡಲಿಗೆ ಚಾಚಿದ ಬಂಡೆಯ ಮೇಲೆ ಒಟ್ಟುಗೂಡಿ ಅಪ್ಪಳಿಸುತ್ತದೆ. ಒಳಸರಿದ ಕೊಲ್ಲಿಯಲ್ಲಿಯೋ ಅದೇ ಬಲವು ಹರಡಿ ಕ್ಷೀಣಿಸಿ, ಹೊತ್ತುತಂದ ಮರಳನ್ನು ಅಲ್ಲಿಯೇ ಇಳಿಸುತ್ತದೆ. ಬಂಡೆಯು ಪೆಟ್ಟನ್ನುಣ್ಣುವುದರಿಂದಲೇ ಮರಳು ನಮ್ಮ ಕಾಲಡಿಯಲ್ಲಿ ನಿಂತಿದೆ. ಆ ಬಂಡೆಗಳ ಮಗ್ಗುಲಲ್ಲಿ ರೊಟ್ಟಿಯ ಬುತ್ತಿಯನ್ನು ಬಿಚ್ಚಿ ಉಣ್ಣುವುದು ಸುಖವಾದರೂ, ಮಳೆಗಾಲದ ಕಡಲಿಗೆ ಇಳಿಯುವುದು ಎಂದಿಗೂ ಸಲ್ಲದು.

ಮಧ್ಯಾಹ್ನವನ್ನು ಅಘನಾಶಿನಿಗೆ ಮೀಸಲಿಡಬೇಕು. ಎಲ್ಲಿಯೂ ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಹರಿದುಬರುವ ಈ ಹೊಳೆಯ ಅಳಿವೆಯಲ್ಲಿ, ಭರತ ಇಳಿದಾಗ ಜನರು ನೀರಿಗಿಳಿದು ಚಿಪ್ಪುಗಳನ್ನು ಆಯುತ್ತಾರೆ. ದಂಡೆಯ ಗಜನಿಯೆಂಬ ತಗ್ಗು ಗದ್ದೆಗಳಲ್ಲಿ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗವೆಂಬ ಭತ್ತವು ತಲೆಮಾರುಗಳಿಂದ ಬೆಳೆದುಬಂದಿದೆ. ಸಿಹಿಯೂ ಉಪ್ಪೂ ಬೆರೆಯುವ ನೀರೇ ಇಲ್ಲಿಯ ಅನ್ನದ ಮೂಲ.

ಸಂಜೆ ಗಂಗಾವಳಿಯ ಮುಖದಲ್ಲಿ ನಿಂತು, ಕೆಂಪೇರಿದ ಕಡಲಿಗೆ ಹೊಳೆಯು ಸದ್ದಿಲ್ಲದೆ ಸೇರುವುದನ್ನು ನೋಡುವಾಗ, ಮನಸ್ಸು ತಾನಾಗಿಯೇ ಮನೆಯ ಕಡೆಗೆ ಹೊರಳುತ್ತದೆ. ಅಳಿವೆಯ ಬದುಕು ಹೊಳೆ ಹೊತ್ತುತರುವ ನೀರನ್ನು ನಂಬಿರುವುದರಿಂದ, ಹುಬ್ಬಳ್ಳಿಯ ಹಳ್ಳಕ್ಕೆ ನಾವು ಸುರಿಯುವ ಕೊಳೆಯು ಊರಾಚೆ ಹೋದ ಮಾತ್ರಕ್ಕೆ ತೀರಿಹೋಗುವುದಿಲ್ಲ. ಆದುದರಿಂದ ಈ ಒಂದು ದಿನದ ಪ್ರವಾಸವು ಕೇಶ್ವಾಪುರಕ್ಕೆ ಮರಳಿದಾಗ ಮುಗಿಯಿತೆಂದು ತಿಳಿಯಲಾಗದು. ನಮ್ಮ ಹಳ್ಳವನ್ನು ನಾವು ಶುಚಿಯಾಗಿಟ್ಟ ದಿನವೇ ಅದು ಪೂರ್ಣವಾದೀತು.