ಮೂವತ್ತು-ನಲವತ್ತರ ಸೈಟಿನಲ್ಲಿ ಹಿಡಿಸುವ ಯುದ್ಧವಿಮಾನ

ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಒಂದು ಮೂವತ್ತು-ನಲವತ್ತರ ಸೈಟು ಖಾಲಿ ಇದೆ ಎನ್ನಿ. ಬ್ರಿಟನ್ನಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ‘ನ್ಯಾಟ್’ ಯುದ್ಧವಿಮಾನವನ್ನು ಅಲ್ಲಿ ಆರಾಮಾಗಿ ನಿಲ್ಲಿಸಬಹುದು. ಉದ್ದ 29 ಅಡಿಗೂ ಕಮ್ಮಿ, ರೆಕ್ಕೆಯ ಹರವು ಸುಮಾರು 22 ಅಡಿ. ಸೆಟ್‌ಬ್ಯಾಕ್ ಬಿಟ್ಟರೂ ಅಡ್ಡಿಯಿಲ್ಲ. 1965ರ ಯುದ್ಧದಲ್ಲಿ ಅದರೆದುರು ಬಂದ ಪಾಕಿಸ್ತಾನದ ಸೇಬರ್ ವಿಮಾನ ಮಾತ್ರ ಕಾಂಪೌಂಡಿನಾಚೆ ಚಾಚಿಕೊಳ್ಳುತ್ತಿತ್ತು. ಅದರ ರೆಕ್ಕೆಗಳೇ 37 ಅಡಿಗೂ ಹೆಚ್ಚು.

ನ್ಯಾಟ್‌ನ ವಿನ್ಯಾಸಕಾರ ಟೆಡ್ಡಿ ಪೆಟರ್, ಕ್ಯಾನ್‌ಬೆರಾ ಬಾಂಬರ್ ರೂಪಿಸಿದಾತ. ಯುದ್ಧವಿಮಾನಗಳು ವರ್ಷವರ್ಷಕ್ಕೆ ಭಾರವಾಗುತ್ತಿದ್ದುದು ಆತನಿಗೆ ಸರಿಬರಲಿಲ್ಲ. ಸಲಕರಣೆ ಹೆಚ್ಚಿದರೆ ದೊಡ್ಡ ಎಂಜಿನ್ ಬೇಕು, ಅದಕ್ಕೆ ಹೆಚ್ಚು ಇಂಧನ, ಇಂಧನ ಹೊರಲು ದೊಡ್ಡ ರೆಕ್ಕೆ, ರೆಕ್ಕೆಯಿಂದ ಮತ್ತಷ್ಟು ತೂಕ. ಪೆಟರ್ ಈ ಸುರುಳಿಯನ್ನು ಉಲ್ಟಾ ತಿರುಗಿಸಿದ. ಪ್ರತ್ಯೇಕ ಏರ್‌ಬ್ರೇಕನ್ನೂ ಕೈಬಿಟ್ಟು, ಹಾರಾಟದಲ್ಲೇ ಚಕ್ರಗಳನ್ನು ಅರೆಬರೆ ಇಳಿಸಿ ವೇಗ ತಗ್ಗಿಸುವಂತೆ ಮಾಡಿದ. ಜಿಪುಣತನವೆಂದರೆ ಇದು!

1955ರಲ್ಲಿ ನ್ಯಾಟ್ ಹಾರಿತು. ಬ್ರಿಟಿಷ್ ವಾಯುಪಡೆ ಅದನ್ನು ತರಬೇತಿ ವಿಮಾನವಾಗಿ ಒಪ್ಪಿತೇ ಹೊರತು ಯುದ್ಧವಿಮಾನವಾಗಿ ಅಲ್ಲ. ಭಾರತ 1956ರಲ್ಲಿ ಪರವಾನಗಿ ಪಡೆಯಿತು. ಬೆಂಗಳೂರಿನ ಎಚ್‌ಎಎಲ್ ವಿಮಾನವನ್ನಷ್ಟೇ ಅಲ್ಲ, ಅದರ ಆರ್ಫಿಯಸ್ ಎಂಜಿನನ್ನೂ ತಯಾರಿಸಿತು.

ಹೊರಗಿನ ಟ್ಯಾಂಕು, ಬಾಂಬುಗಳಿಲ್ಲದ ನ್ಯಾಟ್‌ನ ತೂಕ ಸುಮಾರು 3 ಟನ್. ಎಂಜಿನ್ನಿನ ನೂಕುಬಲ 2 ಟನ್ನಿನಷ್ಟು. ಸುಮಾರು 7 ಟನ್ನಿನ ಸೇಬರ್‌ಗೆ ಇದ್ದದ್ದು 2.7 ಟನ್ ಮಾತ್ರ. ಏರುವ ಓಟದಲ್ಲಿ ಯಾರು ಮುಂದೆಂದು ಇಲ್ಲೇ ಗೊತ್ತಾಗುತ್ತದೆ. ಇನ್ನೊಂದು ಲಾಭವಿತ್ತು. ನಡು ಅಕ್ಷದಿಂದ ದೂರವಿರುವ ತೂಕ ಹೊರಳುವಿಕೆಯನ್ನು ದೂರದ ವರ್ಗಕ್ಕೆ ತಕ್ಕಂತೆ ತಡೆಯುತ್ತದೆ. ಆದ್ದರಿಂದ ಗಿಡ್ಡ ರೆಕ್ಕೆಯ ವಿಮಾನ ಚಕ್ಕನೆ ಮಗುಚುತ್ತದೆ. ಎದುರಾಳಿಯ ಕಣ್ಣಿಗೆ ಬೀಳುವುದೂ ತಡ.

1971ರ ನವೆಂಬರ್ 22ರಂದು ಪೂರ್ವ ಪಾಕಿಸ್ತಾನದ ಗಡಿಯ ಬೋಯ್ರಾ ಬಳಿ ನಾಲ್ಕು ನ್ಯಾಟ್‌ಗಳು ಸೇಬರ್‌ಗಳ ಮೇಲೆರಗಿ ಎರಡನ್ನು ಕೆಡವಿದವು. ಅಂದು ಹಾರಿದ ಕೊಡಗಿನ ಎಂ.ಎ. ಗಣಪತಿ ಅವರಿಗೆ ವೀರಚಕ್ರ ಸಂದಿತು. ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನ್ಯಾಟ್‌ನಲ್ಲೇ ಹೋರಾಡಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್, ವಾಯುಪಡೆಯಲ್ಲಿ ಪರಮವೀರಚಕ್ರ ಪಡೆದ ಏಕೈಕ ಯೋಧ.

ನ್ಯಾಟ್‌ಗೆ ಸಿಕ್ಕ ‘ಸೇಬರ್ ಸ್ಲೇಯರ್’ (ಸೇಬರ್ ಸಂಹಾರಿ) ಎಂಬ ಬಿರುದು ಕೊಂಚ ಉತ್ಪ್ರೇಕ್ಷೆಯೇ. 1965ರಲ್ಲಿ ಕೆಡವಿದ ವಿಮಾನಗಳ ಲೆಕ್ಕದ ಬಗ್ಗೆ ಎರಡೂ ಕಡೆಯವರು ಇಂದಿಗೂ ಜಗ್ಗಾಡುತ್ತಾರೆ. ಹೈಡ್ರಾಲಿಕ್ ತೊಂದರೆ, ಜಾಮ್ ಆಗುವ ಗನ್ನು, ಕೈಕೊಡುವ ಬಾಲದ ನಿಯಂತ್ರಣ ಇವೂ ನ್ಯಾಟ್‌ನ ಚರಿತ್ರೆಯೇ; ಇಂಧನವೂ ಬೇಗ ಮುಗಿಯುತ್ತಿತ್ತು. ಎಚ್‌ಎಎಲ್ ನ್ಯಾಟನ್ನೇ ತಿದ್ದಿ, ರೆಕ್ಕೆಯೊಳಗೇ ಇಂಧನ ತುಂಬಿ ‘ಅಜೀತ್’ ಮಾಡಿತು. ಹೊರಗಿನ ಟ್ಯಾಂಕಿನ ಜಾಗ ಆಯುಧಗಳಿಗೆ ಸಿಕ್ಕಿತು. ಅಜೀತ್ 1991ರವರೆಗೆ ಸೇವೆಯಲ್ಲಿತ್ತು.